ಉತ್ತರಕುಮಾರನ ಬಾಯಲ್ಲಿ ನಮ್ಮ ಪುಕ್ಕಲುತನ

ನಾಗ: ನನ್ನ ಸಂಕಟಕ್ಕೊಂದು ಹಾಡು ಕಟ್ಬೇಕು ಪದ್ಮಕ್ಕ. ಕರ್ಣನ ಬಾಯಲ್ಲಿ ಹೇಳಿಸ್ಲಾ?

ಪದ್ಮಕ್ಕ: ಮೊದ್ಲು ಸಂಕಟ ಏನು ಹೇಳು. ಒಂದೇ ವಾಕ್ಯ, ಅಲಂಕಾರ ಬೇಡ.

ನಾಗ: ಮನೇಲಿ ಹುಲಿ, ಆಫೀಸ್ ಮೀಟಿಂಗಲ್ಲಿ ಬಾಯೇ ಬರಲ್ಲ.

ರಮೇಶ: ಅದಕ್ಕೆ ಕರ್ಣ ಯಾಕೋ? ನಿನ್ನ ಕವಚ ಕೇಳೋಕೆ ಎಚ್‌ಆರ್‌ನವರು ಬ್ರಾಹ್ಮಣನ ವೇಷದಲ್ಲಿ ಬಂದಿದ್ರಾ?

ಪದ್ಮಕ್ಕ: ಕರ್ಣ ಅಂದ್ರೆ ಸಾಕು, ಜನ ಕಣ್ಣೊರೆಸ್ಕೋತಾರೆ. ಆ ಕಣ್ಣೀರು ಅವನ ಕಥೆಗೆ, ನಿನ್ನ ಹಾಡಿಗಲ್ಲ. ನಿನಗೆ ಸರಿಯಾದವನು ಉತ್ತರಕುಮಾರ.

ನಾಗ: ಅಕ್ಕಾ, ಮರ್ಯಾದೆ!

ಪದ್ಮಕ್ಕ: ಮರ್ಯಾದೆ ಬೇಕಾದ್ರೆ ಅಭಿನಂದನಾ ಪತ್ರ ಬರೆಸ್ಕೋ. ಅವನ ಇಡೀ ಕಥೆ ಬೇಡ, ಒಂದು ಗಳಿಗೆ ಹಿಡಿ. ಅಂತಃಪುರದಲ್ಲಿ ಕೊಚ್ಚಿಕೊಂಡು ಹೊರಟಿದಾನೆ, ಕೌರವ ಸೇನೆ ಕಂಡಿದೆ, ರಥದಿಂದ ಇನ್ನೂ ಧುಮುಕಿಲ್ಲ. ಧುಮುಕಿದ್ನೋ, ಬರೀ ನಗೆ. ಶಮೀವೃಕ್ಷದ ತನಕ ಎಳೆದ್ಯೋ, ಅರ್ಜುನ ಬಂದು ಹಾಡನ್ನೇ ಹೊತ್ಕೊಂಡು ಹೋಗ್ತಾನೆ.

ರಮೇಶ: ಯಾರ ಹತ್ರ ಹೇಳ್ಕೋತಾನೆ?

ಪದ್ಮಕ್ಕ: ರಥ ಹೊಡೀತಿರೋ ಬೃಹನ್ನಳೆ ಹತ್ರ, ಅಂದ್ರೆ ವೇಷ ಮರೆಸಿದ ಅರ್ಜುನನ ಹತ್ರಾನೇ; ಅದು ಇವನಿಗೆ ಇನ್ನೂ ಗೊತ್ತಿಲ್ಲ. ಕೇಳೋರು ಇಲ್ದಿದ್ರೆ ಹಾಡು ಭಾಷಣ ಆಗುತ್ತೆ.

ನಾಗ: ‘ಬೃಹನ್ನಳೆ, ತಿರುಗಿಸು ರಥವನು’... ಏನೋ ಎಡವುತ್ತೆ.

ರಮೇಶ: ಎಡವದೆ ಇರುತ್ತಾ? ‘ತಿರುಗಿಸು’ ನಾಲ್ಕು ಮಾತ್ರೆ, ‘ರಥವನು’ ನಾಲ್ಕು, ‘ಬೃಹನ್ನಳೆ’ ಐದು. ಹನ್ ಗುರು, ಎರಡು ಮಾತ್ರೆ ತಿನ್ನುತ್ತೆ. ‘ಸಾರಥಿ’ ಅನ್ನು, ನಾಲ್ಕಕ್ಕೆ ಸರಿಹೋಗುತ್ತೆ.

ಪದ್ಮಕ್ಕ: ಪಲ್ಲವಿ ಹೀಗಿರ್ಲಿ:

ಮನೆಯಲಿ ಗೆದ್ದೆನು ಮಾತಲಿ ಗೆದ್ದೆನು
ಇನಿತೂ ಮುಂದಕೆ ಬಾರೆನು ಸಾರಥಿ

ಸಾಲಿಗೆ ಹದಿನಾರು ಮಾತ್ರೆ. ತಾಳದ ಒಂದೊಂದು ಎಣಿಕೆಗೆ ಎರಡು ಮಾತ್ರೆಯಂತೆ ಹಾಡಿದ್ರೆ ಎಂಟೆಣಿಕೆಯ ಆದಿತಾಳದ ಒಂದು ಆವರ್ತ, ಅಂದ್ರೆ ಒಂದು ಸುತ್ತು. ಎರಡನೇ ಅಕ್ಷರ ‘ನ’ ಪ್ರಾಸ, ಅದರ ಹಿಂದಿನ ಅಕ್ಷರ ಎರಡು ಕಡೆನೂ ಲಘು, ಒಂದೇ ಮಾತ್ರೆ. ಒಂದು ಕಡೆ ಗುರು ಇಟ್ರೆ ಪ್ರಾಸ ಕುಂಟುತ್ತೆ.

ನಾಗ: ಚರಣದಲ್ಲಿ ಪ್ರೊಜೆಕ್ಟರ್ ತರ್ಲಾ?

ರಮೇಶ: ವಿರಾಟನಗರದಲ್ಲಿ ಕರೆಂಟ್ ಎಲ್ಲಿಂದ ಬರುತ್ತೋ?

ಪದ್ಮಕ್ಕ: ನಿನ್ನ ಆಫೀಸಿನ ಒಂದು ಸಾಮಾನೂ ಬೇಡ. ಅಲ್ಲಿರೋದು ನೊಗ, ಚಮ್ಮಟಿಗೆ, ಧೂಳು, ಶಂಖದ ಸದ್ದು. ಎರಡು ಕಡೆಗೂ ಸಲ್ಲೋ ಒಂದು ಮಾತು ಇರ್ಲಿ: ‘ನಾಲಗೆ ಒಣಗಿತು’. ನಿನ್ನ ಗುಟ್ಟು ಅಷ್ಟರಲ್ಲಿ ಬಂತು. ಇನ್ನು ಉತ್ತರೆ ಗೊಂಬೆಗಳಿಗೆ ಬಟ್ಟೆ ತನ್ನಿ ಅಂದಿದ್ದಳಲ್ಲ, ಸೋತವರ ಪಟ್ಟೆವಸ್ತ್ರ! ಅದನ್ನ ಮೊದಲನೇ ಚರಣದಲ್ಲೇ ತಾ. ಸೋಲಿಗಿಂತ ಬರಿಗೈಲಿ ಹೋಗಿ ತಂಗಿ ಮುಖ ನೋಡೋದೇ ಅವನಿಗೆ ಕಷ್ಟ.

ನಾಗ: ನಾನೂ ಮನೇಲಿ ಇನ್‌ಕ್ರಿಮೆಂಟ್ ತರ್ತೀನಿ ಅಂದಿದೀನಿ.

ಪದ್ಮಕ್ಕ: ಅದೇ! ಆದ್ರೆ ಬರೀಬೇಡ, ಗೊಂಬೆ ಬಟ್ಟೆ ಹೇಳುತ್ತೆ. ಎರಡನೇದ್ರಲ್ಲಿ ಭೀಷ್ಮ, ದ್ರೋಣ, ಕೃಪ ಅಂತ ಕೂಗಿದ್ರೆ ಹಾಜರಿ ಪುಸ್ತಕ ಆಗುತ್ತೆ. ಧೂಳು ತೋರ್ಸು, ಸಾಕು. ಮೂರನೇದು ಸಾರಥಿಗೆ ಬೇಡಿಕೆ. ನಾಲ್ಕನೇದು ಬರೆದವರು ಸಾಮಾನ್ಯವಾಗಿ ಉಪದೇಶಕ್ಕೆ ಇಳೀತಾರೆ.

ರಮೇಶ: ರಾಗ ಶಿವರಂಜನಿ?

ಪದ್ಮಕ್ಕ: ಬೇಡಪ್ಪ, ಹೆದರಿದವನನ್ನ ಅಳಿಸಬೇಡ. ಮೋಹನ ಇರ್ಲಿ, ಜಂಬದ ಸಾಲು ಚುರುಕು, ‘ಬಾರೆನು’ ಬಂದಾಗ ಸ್ವಲ್ಪ ತಡೀಲಿ.

ನಾಗ: ನಾನು ಎಲ್ಲೂ ಕಾಣಿಸ್ಬಾರ್ದಾ?

ಪದ್ಮಕ್ಕ: ಪುರಂದರದಾಸರು ‘ಗುಮ್ಮನ ಕರೆಯದಿರೆ’ ಅಂತ ಮಗು ಕೃಷ್ಣನ ಬಾಯಲ್ಲೇ ಹಾಡಿದ್ರು, ಕೊನೇಲಿ ಸಹಿ ಥರ ತಮ್ಮ ಅಂಕಿತ ಹಾಕಿದ್ರು. ನಿಂಗೂ ಅಷ್ಟೇ ಜಾಗ.

ನಾಗ: ನಂಗೆ ಅಂಕಿತ ಇಲ್ವಲ್ಲಕ್ಕ.

ರಮೇಶ: ಕೊರಳಲ್ಲಿ ನೇತಾಡ್ತಿದೆಯಲ್ಲೋ, ಎಂಪ್ಲಾಯೀ ನಂಬರು! ಮಾತ್ರೆ ಎಣಿಸಿ ಹಾಕು.