ಲಕೂನವೋ, ಹೊಂಡವೋ

ಕುಂಬಳೆ ಪೇಟೆಯ ಹೋಟೆಲಿನಲ್ಲಿ ಗೋಳಿಬಜೆಗೆ ಕಾಯುತ್ತಿದ್ದಾಗ ವಕೀಲರು “ಆ ಕೇಸಲ್ಲಿ ದೊಡ್ಡ ಲಕೂನ ಉಂಟು ಮಾರ್ರೆ” ಅಂದುಬಿಟ್ಟರು. ಮಾಷ್ಟ್ರು ಕೂತ ಮೇಜಿನಲ್ಲಿ ಇಂಥ ಮಾತು ಆಡಲೇಬಾರದು.

“ಲ್ಯಾಟಿನ್ ಅದು! ‘ಲಾಕುಸ್’ ಅಂದ್ರೆ ಕೆರೆ, ಸರೋವರ. ಅದರಿಂದ ಲಕೂನ, ನೀರು ನಿಂತ ತಗ್ಗು. ಆಮೇಲೆ ಬರಹದಲ್ಲಿ ಅಕ್ಷರ ಹೋದ ಜಾಗಕ್ಕೂ ಅದೇ ಹೆಸರು, ಕಾನೂನಿನ ಕೊರತೆಗೂ ಅದೇ. ಇಟಲಿಯ ಲಗೂನವೂ ಅದೇ ಮನೆಯದ್ದು.”

“ನೀರು ನಿಂತ ತಗ್ಗಾ? ಹೊಂಡ ಅಂತ ಹೇಳಿ ಮಾರ್ರೆ!” ಹೋಟೆಲಿನ ಭಟ್ರು ಬಾಣಲೆ ಬದಿಯಿಂದಲೇ ಕೂಗಿದರು. “ಜುಲೈಯಲ್ಲಿ ಬದಿಯಡ್ಕಕ್ಕೆ ಬೈಕಲ್ಲಿ ಹೋಗಿ, ಲ್ಯಾಟಿನ್ ತನ್ನಷ್ಟಕ್ಕೆ ಬಾಯಿಗೆ ಬರ್ತದೆ.”

ವಕೀಲರು ಗಂಭೀರರಾದರು. “ಹಾಗಲ್ಲ. 1999ರಲ್ಲಿ ಸುಪ್ರೀಂ ಕೋರ್ಟೇ ಹೇಳಿದ್ದುಂಟು. ಕೇಸಿನ ಒಳಗೇ ಇರುವ ದೌರ್ಬಲ್ಯ ಲಕೂನ. ಕೇಸು ನಡೆಸುವವರ ಕಣ್ತಪ್ಪು ಲಕೂನ ಅಲ್ಲ.”

“ಹಾಗಾದ್ರೆ ನಿಮ್ಮ ಚಾಯಕ್ಕೆ ಸಕ್ಕರೆ ಮರೆತದ್ದು ಲಕೂನ ಅಲ್ಲ” ಅಂತ ಭಟ್ರು ನಿರಾಳರಾದರು.

“ಎಲುಬಿನೊಳಗೂ ಲಕೂನ ಉಂಟು. ಎಲುಬಿನ ಜೀವಕೋಶ ಕೂತಿರುವುದೇ ಆ ಪುಟ್ಟ ಗೂಡಲ್ಲಿ” ಅಂದರು ಮಾಷ್ಟ್ರು.

“ಹಾಂ, ಅದಕ್ಕೇ ಮಳೆ ಬಂದ್ರೆ ನನ್ನ ಮೊಣಗಂಟು ನೋವು. ನೀರು ನಿಲ್ತದೆ!” ಅಂದರು ಭಟ್ರು.

ಇದಕ್ಕೆ ಮಾಷ್ಟ್ರ ಬಳಿ ಉತ್ತರವಿರಲಿಲ್ಲ. ತಾಳೆಗರಿಗೆ ಹಾರಿದರು. ಹುಳು ತಿಂದು ಪಾಠ ಹೋದರೆ ನಮ್ಮ ಸಂಪಾದಕರು ‘ಗ್ರಂಥಪಾತ’ ಅನ್ನುತ್ತಾರಂತೆ. ಪಪೈರಸ್ ಅನ್ನುವ ಜೊಂಡಿನ ಹಾಳೆಯ ಹಳೆ ಗ್ರೀಕ್ ಬರಹ ಅಚ್ಚು ಹಾಕುವವರು ಅಲ್ಲಿ ಚೌಕ ಕಂಸ ಹಾಕುತ್ತಾರೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿ 1903ರಲ್ಲಿ ಅಚ್ಚಾದ ಪ್ರಹಸನವೊಂದು ಹಾಗೇ ತೂತು ಬಿದ್ದದ್ದು. ಹಿಂದೂಸ್ಥಾನದ ಕರಾವಳಿಯ ಅರಸನ ಕೈಯಲ್ಲಿ ಸಿಕ್ಕಿಬಿದ್ದ ಗ್ರೀಕ್ ಹುಡುಗಿಯ ಕಥೆ. ಅದರಲ್ಲಿ ಅರಸನ ಕಡೆಯವರು ಆಡುವ, ಗ್ರೀಕ್ ಅಲ್ಲದ ಮಾತು ಕನ್ನಡ ಅಂತ ಮೊದಲು ಊಹಿಸಿದವರು ಜರ್ಮನಿಯ ಶಾಸನತಜ್ಞ ಹುಲ್ಟ್ಜ್. ನಮ್ಮ ಮಂಜೇಶ್ವರದ ಗೋವಿಂದ ಪೈಗಳೂ ಅದರ ಬಗ್ಗೆ ಬರೆದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ನನಗಂತೂ ಒಪ್ಪಬೇಕೆಂಬ ಚಪಲ, ಗಡಿಯಲ್ಲಿ ಕೂತವರಿಗೆ ಅಷ್ಟಾದರೂ ಬೇಡವೇ?

“ಹುಡುಗಿ ತಪ್ಪಿಸಿಕೊಂಡಳಾ?” ಭಟ್ರಿಗೆ ಅದೇ ಚಿಂತೆ.

“ಅರಸನಿಗೆ ನೀರು ಬೆರೆಸದ ಮದ್ಯ ಕುಡಿಸಿ ಅಣ್ಣನ ಜೊತೆ ಹಡಗು ಹತ್ತಿದಳು.”

“ಹಾಗಾದ್ರೆ ಅದು ಕನ್ನಡವೇ ಇರಬಹುದು. ಕುಡಿದವನ ಕನ್ನಡ. ವಿದ್ವಾಂಸರಿಗೆ ಎಲ್ಲಿಂದ ಅರ್ಥ ಆಗ್ಬೇಕು? ಶನಿವಾರ ರಾತ್ರಿ ಇಲ್ಲಿಗೆ ಬರ್ಲಿ, ನಾನು ಓದಿಸ್ತೇನೆ.”