ವಾಸ್ಕೋದ ಕಲ್ಲಿದ್ದಲು ಧೂಳು: ಕರ್ನಾಟಕದ ಮೂಲದ ನಾವು ಸಭೆಯಲ್ಲಿ ಮಾತಾಡಬೇಕಾ, ಬೇಡವಾ?

ಮಾಂಗೋರ್ ಗುಡ್ಡದವನು

ಎಲ್ಲರಿಗೂ ನಮಸ್ಕಾರ. ನಾವು ಗೋವಾದ ವಾಸ್ಕೋದಲ್ಲಿ ಮಾಂಗೋರ್ ಹಿಲ್ ಕಡೆ ಇದ್ದೇವೆ. ಅಪ್ಪ ಬಾಗಲಕೋಟೆ ಕಡೆಯಿಂದ ದುಡಿಯಲು ಬಂದವರು. ನಾನು ಹುಟ್ಟಿದ್ದು, ಓದಿದ್ದು ಎಲ್ಲ ಇಲ್ಲೇ. ವೋಟರ್ ಕಾರ್ಡೂ ಇಲ್ಲಿಯದೇ.

ವಿಷಯ ಬಂದರಿನ ಕಲ್ಲಿದ್ದಲಿನದು. ಮಳೆಗಾಲ ಮುಗಿಯಿತು ಅಂದರೆ ಧೂಳು ಶುರು. ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಏಳುತ್ತದೆ, ಆಗ ಕಿಟಕಿ ತೆರೆದಿದ್ದರೆ ಸಂಜೆಯೊಳಗೆ ನೆಲದ ಮೇಲೆ ಕಪ್ಪು ಪುಡಿ. ಇಲ್ಲಿಯ ಮಣ್ಣು ಕೆಂಪು ಜಂಬಿಟ್ಟಿಗೆ ಮಣ್ಣು, ಅದರ ಧೂಳಾದರೆ ಕೆಂಪಗಿರಬೇಕು. ಒರೆಸಿದ ಬಟ್ಟೆ ಕಪ್ಪಾದರೆ ಅದು ಎಲ್ಲಿಂದ ಬಂತು ಅಂತ ಕೇಳಬೇಕಾಗಿಲ್ಲ. ನನ್ನ ಮಗಳಿಗೆ ಚಳಿಗಾಲ ಪೂರ್ತಿ ಕೆಮ್ಮು. ಡಾಕ್ಟರು ಮಾತ್ರೆ ಬದಲಿಸುತ್ತಾರೆ, ಗಾಳಿ ಬದಲಾಗುವುದಿಲ್ಲ.

ಈಗ ನಮ್ಮ ವಾರ್ಡಿನಲ್ಲಿ ಇದರ ಬಗ್ಗೆ ಸಭೆ ಕರೆದಿದ್ದಾರೆ. ಪಕ್ಕದ ಮನೆಯ ಗೋವಾದವರು ನೀವೂ ಬನ್ನಿ, ಮಾತಾಡಿ ಅನ್ನುತ್ತಿದ್ದಾರೆ. ಮನೆಯಲ್ಲಿ ಮಾತ್ರ ಬೇಡ ಅಂತ ಹಟ. ಅಮ್ಮ ಹೇಳುವುದು ಇಷ್ಟೇ, ನಾವು ಹೊರಗಿನವರು, ಎದ್ದು ಕಂಡರೆ ಮೊದಲು ಪೆಟ್ಟು ಬೀಳುವುದು ನಮಗೆ.

ನನಗೂ ಎರಡು ಅಳುಕು ಇದೆ. ಒಂದು, ಈ ಕಲ್ಲಿದ್ದಲು ಹೋಗುವುದೇ ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗೆ. ನಾನು ಬಾಯಿ ತೆರೆದರೆ ಇದು ನಿಮ್ಮ ರಾಜ್ಯದ್ದೇ ಅಲ್ವಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ, ಹಿಂದೆಯೇ ಮಹದಾಯಿ ನೀರಿನ ಜಗಳ ತೆಗೆಯುತ್ತಾರೆ. ಇನ್ನೊಂದು, ಸಭೆಯವರು ಈ ಕಲ್ಲಿದ್ದಲು ಹೋಗುವ ರೈಲು ದಾರಿಗೆ ಡಬಲ್ ಟ್ರ್ಯಾಕ್ ಬೇಡ ಅನ್ನುವವರು. ಊರಿಗೆ ಹೋಗಲು ನಮಗಿರುವ ರೈಲುಗಳೇ ಕಡಿಮೆ. ಎರಡನೇ ಹಳಿ ಬಂದರೆ ಹುಬ್ಬಳ್ಳಿಗೆ ಇನ್ನೊಂದು ರೈಲು ಸಿಗಬಹುದು ಅಂತ ನಮ್ಮವರಿಗೆ ಆಸೆ. ಅದನ್ನು ನಾನೇ ಹೋಗಿ ಬೇಡ ಅನ್ನಲಾ?

ಇಲ್ಲಿ ಗೋವಾದಲ್ಲಿ ಇರುವವರು ದಯವಿಟ್ಟು ನೇರವಾಗಿ ಹೇಳಿ.

ಬೈನಾ ಅಕ್ಕ

ತಮ್ಮಾ, ನಿಮ್ಮ ಅಮ್ಮ ಹೇಳಿದ್ದು ಸುಮ್ನೆ ಹೇಳಿದ ಮಾತಲ್ಲ. ನಾನು ವಾಸ್ಕೋದ ಬೈನಾದಲ್ಲೇ ಬೆಳೆದವಳು. 2004ರಲ್ಲಿ ಬೈನಾದ ಕಡಲ ದಂಡೆಯಲ್ಲಿ ಮನೆ ಕೆಡವಿದರು, ಮತ್ತೆ 2015ರಲ್ಲೂ ಕೆಡವಿದರು. ಅಲ್ಲಿ ಇದ್ದವರಲ್ಲಿ ವಿಜಯಪುರ, ಗದಗ, ಕೊಪ್ಪಳ ಕಡೆಯವರು ಜಾಸ್ತಿ. ಮಳೆಗಾಲದಲ್ಲಿ ಪಾತ್ರೆ ಪಗಡ ಹೊತ್ತುಕೊಂಡು ರಸ್ತೆಗೆ ಬಂದವರನ್ನು ಕಣ್ಣಾರೆ ನೋಡಿದ್ದೇನೆ. ಆ ಭಯ ಇನ್ನೂ ನಮ್ಮ ಮನೆಗಳಲ್ಲಿ ಇದೆ. ರೇಷನ್ ಕಾರ್ಡ್, ಕರೆಂಟ್ ಬಿಲ್ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಾಗಿಲ ಹತ್ತಿರವೇ ಇಡುವ ಹೆಂಗಸರು ಇವತ್ತಿಗೂ ಇದ್ದಾರೆ.

ಆದರೆ ಒಂದು ಮಾತು ಕೇಳಿ. ಆಗ ಮನೆ ಕಳೆದುಕೊಂಡವರು ಯಾರೂ ಬಾಯಿ ಜಾಸ್ತಿ ಮಾಡಿದವರಲ್ಲ. ಸುಮ್ಮನಿದ್ದವರೇ, ತಲೆ ತಗ್ಗಿಸಿ ದುಡಿದವರೇ. ಸುಮ್ಮನಿದ್ದರೆ ಉಳಿಯುತ್ತೇವೆ ಅನ್ನುವ ಲೆಕ್ಕ ನಮಗೆ ಒಂದು ಸಲವೂ ಹೊಂದಲಿಲ್ಲ.

2017ರ ಏಪ್ರಿಲ್‌ನಲ್ಲಿ ಬಂದರಿನ ಮೂರು ಯೋಜನೆಗಳ ಮೇಲೆ ವಾಸ್ಕೋದಲ್ಲಿ ಸಾರ್ವಜನಿಕ ಅಹವಾಲು ಸಭೆ ಆಯಿತು. ದಿನಗಟ್ಟಲೆ ನಡೆಯಿತು. ಮೀನುಗಾರರು ಬಂದರು, ಪಾದ್ರಿಗಳು ಬಂದರು, ಶಾಲೆಯ ಟೀಚರುಗಳು ಬಂದರು. ನಾನು ಹೋಗಿ ಹಿಂದೆ ಕೂತಿದ್ದೆ. ಕನ್ನಡದವರು ಎದ್ದು ಮಾತಾಡಿದ್ದು ನನ್ನ ಕಿವಿಗೆ ಬೀಳಲಿಲ್ಲ. ಧೂಳಿನ ಹತ್ತಿರ ಇರುವವರಲ್ಲಿ ನಮ್ಮವರೇ ಎಷ್ಟೊಂದು ಜನ, ಆದರೆ ಸಭೆಯ ಕಾಗದದಲ್ಲಿ ನಾವು ಇಲ್ಲ. ಕಾಗದದಲ್ಲಿ ಇಲ್ಲದವರ ಕೆಮ್ಮು ಯಾರ ಲೆಕ್ಕಕ್ಕೂ ಬರುವುದಿಲ್ಲ.

ನಿಮ್ಮ ಅಮ್ಮನನ್ನೂ ಕರೆದುಕೊಂಡು ಹೋಗಿ. ಹೆಂಗಸರು ಹೇಳಿದರೆ ತೂಕ ಬೇರೆ, ಮನೆ ಒರೆಸುವವರು ಅವರೇ ತಾನೇ.

ರಿಟೈರ್ಡ್ ಗಾರ್ಡ್, ಮಡಗಾವ್

ಡಬಲ್ ಟ್ರ್ಯಾಕ್ ಬಗ್ಗೆ ನಾನು ಹೇಳುತ್ತೇನೆ, ಆ ಘಾಟಿನಲ್ಲಿ ಕೆಲಸ ಮಾಡಿದವನು ನಾನು.

ಹೊಸಪೇಟೆಯಿಂದ ತಿನೈಘಾಟ್ ಮೇಲೆ ವಾಸ್ಕೋದವರೆಗಿನ ಡಬ್ಲಿಂಗ್ ಇದು. ಇದರಲ್ಲಿ ಕ್ಯಾಸಲ್‌ರಾಕ್‌ನಿಂದ ಕುಳೆವರೆಗಿನ ಘಾಟ್ ಭಾಗವೇ ಬೇರೆ ಕಥೆ. ಸುಮಾರು 26 ಕಿ.ಮೀ. ದಾರಿ, ಏರು 37ಕ್ಕೆ 1. ಅಂದರೆ 37 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ರೈಲಿಗೆ ಇದು ಬಹಳ ಕಡಿದಾದ ಏರು. ಕಲ್ಲಿದ್ದಲು ತುಂಬಿದ ಗಾಡಿ ಬಂದರಿನಿಂದ ಬರುವುದರಿಂದ ಏರುವಾಗಲೇ ಪೂರ್ತಿ ಭಾರ ಇರುತ್ತದೆ. ಕುಳೆಯಲ್ಲಿ ಹಿಂದೆ ಬ್ಯಾಂಕರ್ ಎಂಜಿನ್ ಹಾಕಿ ತಳ್ಳಬೇಕು. ಇಳಿಯುವಾಗ ಬ್ರೇಕ್ ಪರೀಕ್ಷೆ ಮಾಡದೆ ಬಿಡುವಂತಿಲ್ಲ, ವೇಗಕ್ಕೂ ಮಿತಿ. ಪಕ್ಕದಲ್ಲಿ ಇನ್ನೊಂದು ಹಳಿ ಹಾಕಿದರೂ ಏರು ಅದೇ, ಬ್ಯಾಂಕರೂ ಅದೇ, ವೇಗವೂ ಅದೇ. ಎದುರು ಗಾಡಿಗೆ ಕಾಯುವ ಹೊತ್ತು ಉಳಿಯುತ್ತದೆ, ಅದು ನಿಜ. ಅದಕ್ಕಾಗಿ ಭಗವಾನ್ ಮಹಾವೀರ ಅಭಯಾರಣ್ಯ, ಮೊಲ್ಲೆಂ ರಾಷ್ಟ್ರೀಯ ಉದ್ಯಾನದೊಳಗೆ ಗುಡ್ಡ ಕಡಿಯಬೇಕಾ?

ಇದು ನನ್ನ ಒಬ್ಬನ ಅಭಿಪ್ರಾಯ ಅಲ್ಲ. ಸುಪ್ರೀಂ ಕೋರ್ಟಿನ ಕೇಂದ್ರ ಉನ್ನತಾಧಿಕಾರ ಸಮಿತಿ 2021ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ, ಕಾಡು ಹಾಳಾಗುತ್ತದೆ, ಸಾಮರ್ಥ್ಯ ಸ್ವಲ್ಪವೇ ಹೆಚ್ಚುತ್ತದೆ ಅಂತ. 2022ರ ಮೇ ತಿಂಗಳಲ್ಲಿ ಕೋರ್ಟು ಆ ಭಾಗಕ್ಕೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ರದ್ದು ಮಾಡಿತು. ಆ ಗುಡ್ಡ ಎಷ್ಟು ಸಡಿಲ ಅನ್ನುವುದಕ್ಕೆ 2021ರ ಜುಲೈ ನೆನಪು ಮಾಡಿಕೊಳ್ಳಿ. ಕೊಂಕಣ ದಾರಿ ಬಂದ್ ಆಗಿ ಈ ಕಡೆ ತಿರುಗಿಸಿದ್ದ ಮಂಗಳೂರು–ಮುಂಬೈ ರೈಲು ದೂಧಸಾಗರದ ಹತ್ತಿರ ಗುಡ್ಡ ಕುಸಿದು ಹಳಿ ತಪ್ಪಿತು. 2024ರ ಆಗಸ್ಟ್‌ನಲ್ಲಿ ಅದೇ ಸೆಕ್ಷನ್ನಿನಲ್ಲಿ ಗೂಡ್ಸ್ ಗಾಡಿ ಹಳಿ ತಪ್ಪಿತು.

ಇನ್ನು ಹುಬ್ಬಳ್ಳಿಗೆ ರೈಲು ಬೇಕು ಅನ್ನುವುದು. ನ್ಯಾಯವಾದ ಬೇಡಿಕೆ, ನನ್ನ ಮಗಳ ಮನೆಯೂ ಧಾರವಾಡದಲ್ಲೇ. ಆದರೆ ಹಳಿ ಹೆಚ್ಚಾದರೆ ಪ್ಯಾಸೆಂಜರ್ ರೈಲು ತಾನಾಗಿ ಬರುವುದಿಲ್ಲ. ಯಾವ ಗಾಡಿ ಓಡಿಸಬೇಕು ಅನ್ನುವುದು ಬೇರೆ ತೀರ್ಮಾನ, ಸರಕು ಗಾಡಿಯಲ್ಲಿ ಆದಾಯ ಜಾಸ್ತಿ. ರೈಲು ಬೇಕಿದ್ದರೆ ರೈಲು ಕೊಡಿ ಅಂತಲೇ ಕೇಳಿ. ಹಳಿ ಕೇಳಿದರೆ ಹಳಿ ಮಾತ್ರ ಬರುತ್ತದೆ, ಅದರ ಮೇಲೆ ಬರುವುದು 58 ವ್ಯಾಗನ್ನಿನ ಕಲ್ಲಿದ್ದಲು ಗಾಡಿ.

ಸಡಾದಿಂದ

ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ, ಹೇಳಿಬಿಡುತ್ತೇನೆ. ನಮ್ಮ ಮನೆಯವರು ಬಂದರಿನ ಲಾರಿ ಓಡಿಸುತ್ತಾರೆ. ಬಂದರು ಕೆಲಸದಲ್ಲಿ ನಮ್ಮವರು ಎಷ್ಟು ಜನ ಇದ್ದಾರೆ ಗೊತ್ತಿದೆಯಾ? ಲೋಡಿಂಗ್, ಕ್ಲೀನಿಂಗ್, ಗ್ಯಾರೇಜ್, ಟೀ ಅಂಗಡಿ. 2012ರಲ್ಲಿ ಗೋವಾದಲ್ಲಿ ಅದಿರು ಗಣಿ ನಿಂತಾಗ ಏನಾಯಿತು ಅಂತ ನಾವು ನೋಡಿದ್ದೇವೆ. ಟ್ರಕ್ಕುಗಳು ಸಾಲಾಗಿ ನಿಂತು ತುಕ್ಕು ಹಿಡಿದವು, ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಈಗ ಕಲ್ಲಿದ್ದಲೂ ನಿಲ್ಲಲಿ ಅಂದರೆ ನಾವು ಎಲ್ಲಿಗೆ ಹೋಗಬೇಕು?

ಧೂಳು ನಮಗೂ ಇದೆ ರೀ. ನಮ್ಮ ಮನೆ ಬಂದರಿಗೆ ನಿಮ್ಮದಕ್ಕಿಂತ ಹತ್ತಿರ. ಅವರು ರಾತ್ರಿ ಬಂದು ಮುಖ ತೊಳೆದರೆ ನೀರು ಕಪ್ಪು. ಆದರೂ ಸಭೆಗೆ ಹೋಗಿ ಬಂದರು ಮುಚ್ಚಿ ಅಂತ ಕೂಗಲು ನನ್ನಿಂದ ಆಗುವುದಿಲ್ಲ.

ಸಂಡೂರು–ಪಣಜಿ

ಸಡಾದ ಅಕ್ಕಾರ ಮಾತಿಗೇ ಮೊದಲು ಬರುತ್ತೇನೆ, ಯಾಕೆಂದರೆ ಅವರ ಮಾತು ಪಕ್ಕಕ್ಕೆ ತಳ್ಳುವಂಥದಲ್ಲ. ಬಂದರು ಮುಚ್ಚಿ ಅಂತ ಯಾರೂ ಕೂಗಬೇಕಾಗಿಲ್ಲ. ಕೇಳಬೇಕಾದ್ದು ಬೇರೆ. ಕಲ್ಲಿದ್ದಲು ರಾಶಿ ಪೂರ್ತಿ ಶೆಡ್ಡಿನ ಕೆಳಗೆ ಇದೆಯಾ, ಬಯಲಲ್ಲಿ ಇನ್ನೂ ಎಷ್ಟು ಉಳಿದಿದೆ? ಗಾಳಿ ಜೋರಾದಾಗ ಇಳಿಸುವ ಕೆಲಸ ನಿಲ್ಲಿಸುತ್ತಾರಾ? ವ್ಯಾಗನ್ ಮೇಲಿನ ತಾಡಪತ್ರಿ ಅಂಚಿನವರೆಗೆ ಬಿಗಿದಿದೆಯಾ, ಅಥವಾ ಹೊದಿಸಿದ ಹಾಗೆ ಮಾಡಿ ಬಿಡುತ್ತಾರಾ? ಒಳಗೆ ದುಡಿಯುವವರಿಗೆ ಸರಿಯಾದ ಮಾಸ್ಕ್ ಕೊಡುತ್ತಾರಾ, ವರ್ಷಕ್ಕೊಮ್ಮೆ ಎದೆ ತಪಾಸಣೆ ಇದೆಯಾ? ಈ ಕೊನೆಯದನ್ನು ನಿಮ್ಮ ಯಜಮಾನರ ಪರವಾಗಿ ನೀವೇ ಕೇಳಬೇಕು. ಕಂಪನಿಗಳಿಗೆ ಖರ್ಚಾಗುತ್ತದೆ, ಆಗಲಿ. ಈಗ ಆ ಖರ್ಚನ್ನು ನಿಮ್ಮ ಮನೆಯ ಶ್ವಾಸಕೋಶ ಕಟ್ಟುತ್ತಿದೆ.

ಇನ್ನು "ನಿಮ್ಮ ರಾಜ್ಯದ ಕಲ್ಲಿದ್ದಲು" ಅನ್ನುವ ಮಾತು. ಅದು ಕರ್ನಾಟಕದ್ದೂ ಅಲ್ಲ, ಹೊರದೇಶದಿಂದ ಹಡಗಿನಲ್ಲಿ ಬರುವ ಕಲ್ಲಿದ್ದಲು, ಉಕ್ಕು ಮಾಡಲು ಬಳಸುವುದು. ನಾನು ಸಂಡೂರಿನವನು. ಗಣಿ ಜೋರಾಗಿದ್ದ ವರ್ಷಗಳಲ್ಲಿ ನಮ್ಮೂರಿನ ಮರದ ಎಲೆ ಹಸಿರು ಕಾಣುತ್ತಿರಲಿಲ್ಲ, ಕೆಂಪು ಪುಡಿ ಕೂತಿರುತ್ತಿತ್ತು. ಜೋಳದ ಬೆಳೆ ಮೇಲೆ ಧೂಳು, ಬಾವಿ ನೀರಿನ ಮೇಲೆ ಧೂಳು. ಸುಪ್ರೀಂ ಕೋರ್ಟು 2011ರಲ್ಲಿ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತಲ್ಲ, ಆ ಅರ್ಜಿ ಹಾಕಿದ್ದು ಧಾರವಾಡದ ಸಮಾಜ ಪರಿವರ್ತನ ಸಮುದಾಯ. ಕನ್ನಡದವರು ಕರ್ನಾಟಕದಲ್ಲೇ ಧೂಳಿನ ವಿರುದ್ಧ ನಿಂತವರು. ವಾಸ್ಕೋದಲ್ಲಿ ನಿಂತರೆ ಅದರಲ್ಲಿ ರಾಜ್ಯದ್ರೋಹ ಏನಿದೆ? ಕಪ್ಪು ಧೂಳಿಗೂ ಕೆಂಪು ಧೂಳಿಗೂ ನಡುವೆ ಇರುವುದು ಒಂದು ರೈಲು ಹಳಿ. ಆ ತುದಿಯ ಜನ, ಈ ತುದಿಯ ಜನ ಇಬ್ಬರೂ ಒಂದೇ ಕಷ್ಟದವರು.

ಮಹದಾಯಿ ಬಂದರೆ ಗಾಬರಿ ಆಗಬೇಡಿ. ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಂತ ಹೇಳಿದೆ, ಅದರ ಜಗಳ ಕೋರ್ಟಿನಲ್ಲಿ ನಡೆಯಲಿ, ವಾರ್ಡ್ ಸಭೆಯಲ್ಲಿ ಬಗೆಹರಿಯುವುದಲ್ಲ. ಬೇಕಿದ್ದರೆ ಇಷ್ಟು ಹೇಳಿ. ದೂಧಸಾಗರದ ನೀರು ಖಾಂಡೇಪಾರ ಹೊಳೆಯಾಗಿ ಮಾಂಡೋವಿಯನ್ನೇ ಸೇರುತ್ತದೆ, ಅಂದರೆ ಮಹದಾಯಿಯನ್ನೇ. ಮೊಲ್ಲೆಂ ಕಾಡು ಉಳಿದರೆ ಆ ನದಿಯೇ ಉಳಿಯುತ್ತದೆ. ನದಿಯ ಮೇಲೆ ಪ್ರೀತಿ ಇರುವ ಗೋವಾದವರು ಈ ಮಾತನ್ನು ತಳ್ಳಿಹಾಕುವುದಿಲ್ಲ.

ಬೈನಾ ಅಕ್ಕ

ಸಂಡೂರಿನವರು ಹೇಳಿದ್ದು ಸರಿ. ಸಡಾದವರೇ, ನೀವೂ ಬನ್ನಿ. ಲಾರಿ ಓಡಿಸುವವರ ಮನೆಯಿಂದ ಒಬ್ಬರು ಬಂದರೆ ಇದು ಬಂದರಿನ ವಿರೋಧಿಗಳ ಗುಂಪು ಅಂತ ಯಾರೂ ಅನ್ನಲಾರರು.

ಕಾಗದಪತ್ರ ನೋಡುವವನು, ವೆರ್ಣಾ

ಎರಡು ಮಾತು ವ್ಯವಹಾರದ್ದು. ವಾರ್ಡ್ ಸಭೆ ಒಳ್ಳೆಯದು, ಆದರೆ ಅಲ್ಲಿ ಆಡಿದ್ದು ಅಲ್ಲೇ ಉಳಿಯಬಹುದು. ಯೋಜನೆಗೆ ಪರಿಸರ ಅನುಮತಿ ಕೊಡುವ ಮೊದಲಿನ ಸಾರ್ವಜನಿಕ ಅಹವಾಲು ಸಭೆ ಇದೆಯಲ್ಲ, ಅದು 2006ರ ಕೇಂದ್ರ ಅಧಿಸೂಚನೆ ಪ್ರಕಾರ ನಡೆಯುತ್ತದೆ. ಅದಕ್ಕೆ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಬಂದ ಅಧಿಕಾರಿ ಅಧ್ಯಕ್ಷತೆ ವಹಿಸುತ್ತಾರೆ. ನೀವು ಹೇಳಿದ್ದು ನಡಾವಳಿಯಲ್ಲಿ ಬರೆಯಬೇಕು, ಕೊನೆಗೆ ಅದನ್ನು ಸಭೆಯಲ್ಲೇ ಓದಿ ಹೇಳಬೇಕು. ಮಾತಾಡುವವರಿಗೆ ಇಂಥದೇ ಭಾಷೆ ಅನ್ನುವ ಷರತ್ತು ಅದರಲ್ಲಿ ಇಲ್ಲ. ಎದ್ದು ಮಾತಾಡಲು ಅಂಜಿಕೆ ಇದ್ದರೆ ಬರೆದು ಕೊಡಿ, ಒಂದು ಪ್ರತಿಗೆ ಸೀಲು ಹಾಕಿಸಿ ಇಟ್ಟುಕೊಳ್ಳಿ.

ಗಾಳಿಯ ಅಳತೆ ಕೂಡ ಕೇಳಿ. ಪಿಎಂ 10 ಅನ್ನುವ, ಉಸಿರಿನ ಜೊತೆ ಒಳಗೆ ಹೋಗುವ ಸಣ್ಣ ಧೂಳಿಗೆ ನಮ್ಮ ದೇಶದ ಮಿತಿ 24 ಗಂಟೆಗೆ ಘನಮೀಟರಿಗೆ 100 ಮೈಕ್ರೋಗ್ರಾಂ, ವರ್ಷದ ಸರಾಸರಿ 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 45 ಮತ್ತು 15. ಮಾಪಕ ಎಲ್ಲಿ ಇಟ್ಟಿದ್ದಾರೆ, ಗಾಳಿ ಬೀಸುವ ದಿಕ್ಕಿನಲ್ಲಿ ಇದೆಯಾ ಅನ್ನುವುದು ಮುಖ್ಯ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಅಂಕಿಗಳು ಸಿಗುತ್ತವೆ, ಬಂದರಿನ ಕಂಪನಿಗಳಿಗೆ ಮಾಲಿನ್ಯ ನಿಯಂತ್ರಣ ಮಂಡಳಿ ಹಾಕಿದ ಷರತ್ತುಗಳ ಪ್ರತಿಯನ್ನೂ ಕೇಳಬಹುದು. ಆ ಷರತ್ತುಗಳನ್ನು ಕೈಯಲ್ಲಿ ಹಿಡಿದು ಮಾತಾಡಿದರೆ ನಿಮ್ಮ ಊರು ಯಾವುದು ಅಂತ ಯಾರೂ ಕೇಳುವುದಿಲ್ಲ.

ಜುವಾರಿನಗರದಲ್ಲಿ ಇರುವವರು ಇದನ್ನು ಓದುತ್ತಿದ್ದರೆ, ನೀವು ಬರುವುದು ಸಾಂಕ್ವಾಳೆ ಪಂಚಾಯಿತಿಗೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಗ್ರಾಮಸಭೆಯಲ್ಲಿ ಕೂರುವ ಹಕ್ಕು ನಿಮ್ಮದು.

ಮಾಂಗೋರ್ ಗುಡ್ಡದವನು

ಎಲ್ಲರಿಗೂ ಧನ್ಯವಾದ. ಅಮ್ಮನಿಗೆ ಬೈನಾ ಅಕ್ಕ ಬರೆದದ್ದನ್ನು ಓದಿ ಹೇಳಿದೆ. ಬರುತ್ತೇನೆ ಅಂದಿದ್ದಾರೆ, ಮಾತಾಡುವುದಿಲ್ಲವಂತೆ, ಒರೆಸಿದ ಬಟ್ಟೆ ತಂದು ತೋರಿಸುತ್ತಾರಂತೆ. ಗಾರ್ಡ್ ಕಾಕಾ, ನಿಮ್ಮ ಮಾತು ಕೇಳಿದ ಮೇಲೆ ಎರಡು ಬೇಡಿಕೆ ಬೇರೆ ಬೇರೆ ಬರೆಯುತ್ತಿದ್ದೇನೆ, ಒಂದು ಧೂಳಿನದು, ಒಂದು ಹುಬ್ಬಳ್ಳಿ ರೈಲಿನದು. ಧೂಳಿನ ಅರ್ಜಿಯಲ್ಲಿ ಶೆಡ್ಡು, ತಾಡಪತ್ರಿ, ಮಾಪಕ, ಕೆಲಸಗಾರರ ಎದೆ ತಪಾಸಣೆ ನಾಲ್ಕನ್ನೂ ಸೇರಿಸಿದ್ದೇನೆ. ಕೊಂಕಣಿಯಲ್ಲಿ ಮಾತಾಡುತ್ತೇನೆ, ಆದರೆ ದೇವನಾಗರಿಯಲ್ಲಿ ತಪ್ಪಿಲ್ಲದೆ ಬರೆಯಲು ಬರುವುದಿಲ್ಲ. ಬರೆದುಕೊಡುವವರು ಯಾರಾದರೂ ಇದ್ದೀರಾ? ಸಡಾದ ಅಕ್ಕಾ, ಕೆಲಸಗಾರರ ಭಾಗವನ್ನು ನಿಮಗೆ ಮೊದಲು ಕಳಿಸುತ್ತೇನೆ, ನೀವು ನೋಡಿ ಸರಿ ಅಂದ ಮೇಲೇ ಕೊಡುವುದು.

ಸಡಾದಿಂದ

ಕಳಿಸಿ. ಅವರು ರಾತ್ರಿ ಪಾಳಿ ಮುಗಿಸಿ ಬಂದ ಮೇಲೆ ಓದಿ ಹೇಳುತ್ತೇನೆ. ಮಾಸ್ಕ್ ವಿಷಯ ಬರೆಯುವಾಗ ಗುತ್ತಿಗೆ ಕೆಲಸಗಾರರಿಗೂ ಅಂತ ಸೇರಿಸಿ. ಇಲ್ಲದಿದ್ದರೆ ಕಾಯಂ ಇದ್ದವರಿಗೆ ಮಾತ್ರ ಕೊಟ್ಟು ಆಯಿತು ಅನ್ನುತ್ತಾರೆ.