ಗ್ರೌಂಡ್ ಗ್ಲಾಸಿಗೆ ಪ್ಲಾಸ್ಟಿಕ್ ಫ್ರೆನೆಲ್: ಹಾಕಿ ನೋಡಿದವರು ಹೇಳಿ

ಕೇಳಿದವರು:
ನನ್ನದು 4×5 ಇಂಚಿನ ಹಾಳೆ ಫಿಲ್ಮ್ ಹಾಕುವ ಕ್ಯಾಮೆರಾ. 150 ಮತ್ತು 90 ಮಿ.ಮೀ. ಲೆನ್ಸ್ ಇವೆ. ಕಪ್ಪು ಬಟ್ಟೆ ಹೊದ್ದು ನೋಡಿದರೆ ಗ್ರೌಂಡ್ ಗ್ಲಾಸಿನ (ಕ್ಯಾಮೆರಾ ಹಿಂಬದಿಯಲ್ಲಿ ಬಿಂಬ ಮೂಡುವ ತರಿ ಗಾಜಿನ) ನಡುಭಾಗ ಚೆನ್ನಾಗಿ ಕಾಣುತ್ತದೆ, ಮೂಲೆಗಳು ಮಾತ್ರ ಕತ್ತಲು. 90ರಲ್ಲಂತೂ ಅಂಚಿನಲ್ಲಿ ಏನಿದೆ ಅಂತಲೇ ಗೊತ್ತಾಗುವುದಿಲ್ಲ. ಪುಸ್ತಕದ ಮೇಲಿಟ್ಟು ಓದುವ ಪ್ಲಾಸ್ಟಿಕ್ ಮ್ಯಾಗ್ನಿಫೈಯರ್ ಹಾಳೆ (ಸುತ್ತು ಸುತ್ತಾಗಿ ಗೀರು ಇರುವ ಚಪ್ಪಟೆ ಲೆನ್ಸ್, ಅದೇ ಫ್ರೆನೆಲ್) ಕತ್ತರಿಸಿ ಹಾಕಬಹುದಂತೆ. ಗಾಜಿನ ಮುಂದೆ ಹಾಕಬೇಕೋ ಹಿಂದೆ ಹಾಕಬೇಕೋ? ಗೀರು ಯಾವ ಕಡೆ ಇರಬೇಕು?

ಉತ್ತರ:
ಹಿಂದೆ ಹಾಕಿ, ಅಂದರೆ ನಿಮ್ಮ ಕಣ್ಣಿನ ಕಡೆಗೆ. ಗ್ರೌಂಡ್ ಗ್ಲಾಸ್ ಎಲ್ಲಿದೆಯೋ ಅಲ್ಲೇ ಇರಲಿ, ಅದನ್ನು ಒಂದು ಕೂದಲೆಳೆಯಷ್ಟೂ ಸರಿಸಬೇಡಿ, ಫೋಟೋ ತೆಗೆಯುವಾಗ ಫಿಲ್ಮ್ ಬಂದು ಕೂರುವುದೂ ಅದೇ ಜಾಗಕ್ಕೆ. ಗಾಜಿನ ತರಿ ಬದಿ ಲೆನ್ಸ್ ಕಡೆ ನೋಡುತ್ತಿರುತ್ತದೆ. ಅದರ ನುಣುಪು ಬದಿಗೆ ಫ್ರೆನೆಲ್‌ನ ಗೀರು ಬದಿ ತಾಗಿ ಕೂರಬೇಕು, ಫ್ರೆನೆಲ್‌ನ ನುಣುಪು ಬದಿ ನಿಮ್ಮ ಕಡೆ ಬರಬೇಕು. ಯಾವ ಬದಿ ಯಾವುದು ಅಂತ ಕಣ್ಣಿಗೆ ಗೊತ್ತಾಗದಿದ್ದರೆ ಉಗುರು ಎಳೆದು ನೋಡಿ. ಗೀರಿನ ಬದಿಯಲ್ಲಿ ಸಣ್ಣಗೆ ಕರಕರ ಅನ್ನುತ್ತದೆ.

ಇನ್ನೊಂದು ಮಾತು. ಫ್ರೆನೆಲ್ ಹಾಕಿದರೆ ಬೆಳಕು ಜಾಸ್ತಿ ಆಗುವುದಿಲ್ಲ. ಮೂಲೆಗೆ ಬಂದ ಬೆಳಕು ಓರೆಯಾಗಿ ಹೊರಗೆ ಹೋಗುತ್ತಿರುತ್ತದೆ, ಅದನ್ನು ಕಣ್ಣಿನ ಕಡೆ ಬಾಗಿಸುತ್ತದೆ, ಅಷ್ಟೆ. ನಡುಭಾಗ ಮೊದಲಿದ್ದಂತೆಯೇ ಇರುತ್ತದೆ.

ಉತ್ತರ:
ಮುಂದೆ ಹಾಕಿ ಪೆಟ್ಟು ತಿಂದವನು ನಾನು, ಅದಕ್ಕೇ ಬರೆಯುತ್ತಿದ್ದೇನೆ. ಒಂದೂವರೆ ಮಿ.ಮೀ. ದಪ್ಪದ ಫ್ರೆನೆಲನ್ನು ಲೆನ್ಸ್ ಮತ್ತು ಗಾಜಿನ ನಡುವೆ ಸೇರಿಸಿದೆ. ನೋಡಲು ತುಂಬಾ ಚೆನ್ನಾಗಿತ್ತು. ತಿಂಗಳುಗಟ್ಟಲೆ ಬೆಟ್ಟ, ಮರ, ಕಟ್ಟಡ ಅಂತ ತೆಗೆದೆ, ಎಲ್ಲವೂ ಎಫ್ 22, ಎಫ್ 32ರಂಥ ಸಣ್ಣ ಅಪರ್ಚರ್‌ನಲ್ಲಿ (ಲೆನ್ಸಿನ ಕಿಂಡಿ ಕಿರಿದು ಮಾಡಿ). ಒಂದರಲ್ಲೂ ತಪ್ಪು ಕಾಣಲಿಲ್ಲ. ಆಮೇಲೆ ಒಂದು ದಿನ ನಮ್ಮ ಅಜ್ಜಿಯ ಮುಖ ತೆಗೆದೆ. 150ರ ಲೆನ್ಸ್, ಒಂದೂವರೆ ಮೀಟರ್ ದೂರ, ಕಿಂಡಿ ದೊಡ್ಡದಾಗಿ ತೆರೆದು ಎಫ್ 5.6. ಫೋಕಸ್ ಮಾಡಿದ್ದು ಕಣ್ಣಿಗೆ. ನೆಗೆಟಿವ್‌ನಲ್ಲಿ ಕಣ್ಣು ಮಂಜು, ಕಿವಿಯ ಓಲೆಯ ಒಂದೊಂದು ಹರಳೂ ಸ್ಪಷ್ಟ. ನಾಲ್ಕು ಹಾಳೆ ಫಿಲ್ಮ್ ತೆಗೆದಿದ್ದೆ, ನಾಲ್ಕೂ ಹಾಗೇ. ಅವರನ್ನು ಮತ್ತೆ ಅಷ್ಟು ಹೊತ್ತು ಕೂರಿಸುವುದು ಆಗಲೇ ಇಲ್ಲ.

ಲೆಕ್ಕ ಹಾಕಿದಾಗ ಗೊತ್ತಾಯಿತು. ಫ್ರೆನೆಲ್ ತನ್ನ ದಪ್ಪದಷ್ಟು, ಅಂದರೆ ಒಂದೂವರೆ ಮಿ.ಮೀ., ಗಾಜನ್ನು ಹಿಂದೆ ತಳ್ಳಿತ್ತು. ಆದರೆ ಪ್ಲಾಸ್ಟಿಕ್ ಒಳಗಿಂದ ಹಾದಾಗ ಬಿಂಬ ಹಿಂದೆ ಸರಿಯುವುದು ದಪ್ಪದ ಮೂರನೇ ಒಂದು ಭಾಗ ಮಾತ್ರ. ಉಳಿದ 1 ಮಿ.ಮೀ. ಪೂರ್ತಿ ತಪ್ಪು. 4×5 ಹೋಲ್ಡರ್‌ನಲ್ಲಿ ಫಿಲ್ಮ್ ಕೂರುವ ಆಳ ಸುಮಾರು 5 ಮಿ.ಮೀ., ಅದರಲ್ಲಿ ಆಚೀಚೆ ಆಗಬಹುದಾದದ್ದು 0.18 ಮಿ.ಮೀ. ಮಾತ್ರ. ನನ್ನದು ಅದರ ಐದು ಪಟ್ಟಿಗಿಂತ ಜಾಸ್ತಿ. ಸಣ್ಣ ಅಪರ್ಚರ್ ಅದನ್ನೆಲ್ಲ ಮುಚ್ಚಿಟ್ಟಿತ್ತು.

ಹಳೇ ಗ್ರಾಫ್ಲೆಕ್ಸ್ ಕ್ಯಾಮೆರಾಗಳಲ್ಲಿ ಎಕ್ಟಾಲೈಟ್ ಅನ್ನುವ ಫ್ರೆನೆಲ್ ಗಾಜಿನ ಮುಂದೆಯೇ ಬರುತ್ತಿತ್ತು. ಅದು ಬೇರೆ ಮಾತು. ಅಲ್ಲಿ ಗಾಜು ಕೂರುವ ಜಾಗವನ್ನೇ ಅದಕ್ಕೆ ತಕ್ಕಂತೆ ಮಾಡಿರುತ್ತಾರೆ. ಅಂಥದ್ದು ಸಿಕ್ಕರೆ ಸುಮ್ನೆ ಕಿತ್ತು ಹಾಕಬೇಡಿ, ಆಗ ಫೋಕಸ್ ಇನ್ನೊಂದು ಕಡೆ ತಪ್ಪುತ್ತದೆ.

ಉತ್ತರ:
ಓದುವ ಹಾಳೆ ಕೆಲಸ ಮಾಡುತ್ತದೆ, ಆದರೆ ಅರ್ಧಂಬರ್ಧ. ಯಾವ ಫೋಕಲ್ ಲೆಂಗ್ತ್ ಬೇಕು ಅಂತ ನೋಡಲು ಸುಲಭದ ಲೆಕ್ಕ ಇದೆ. ಲೆನ್ಸಿನಿಂದ ಗಾಜಿಗೆ ಎಷ್ಟು ದೂರ, ಗಾಜಿನಿಂದ ಕಣ್ಣಿಗೆ ಎಷ್ಟು ದೂರ, ಎರಡನ್ನೂ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ. ಕಣ್ಣು 400 ಮಿ.ಮೀ. ದೂರ ಇದ್ದರೆ 150ಕ್ಕೆ ಸುಮಾರು 109 ಬರುತ್ತದೆ, 90ಕ್ಕೆ 73. ಒಂದೇ ಹಾಳೆ ಎರಡೂ ಲೆನ್ಸಿಗೆ ಪೂರ್ತಿ ಹೊಂದುವುದಿಲ್ಲ, ಅದಕ್ಕೆ ಜಾಸ್ತಿ ಬಳಸುವ ಲೆನ್ಸ್ ನೋಡಿ ಆರಿಸಿ. ಓದುವ ಹಾಳೆಗಳ ಫೋಕಲ್ ಲೆಂಗ್ತ್ ಇದಕ್ಕಿಂತ ತುಂಬಾ ಉದ್ದ. ಹಾಳೆ 300ರದ್ದು ಅಂತಿಟ್ಟುಕೊಳ್ಳಿ. ಆಗ ನಿಮ್ಮ 150ರ ಲೆನ್ಸ್ 300 ಮಿ.ಮೀ. ದೂರದಲ್ಲಿ ಇದ್ದರೆ ಮೂಲೆ ಎಷ್ಟು ಕಾಣುತ್ತಿತ್ತೋ ಅಷ್ಟು ಕಾಣುತ್ತದೆ. ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ ಅಲ್ವಾ? ನಿಮ್ಮ ಹಾಳೆ ಎಷ್ಟರದ್ದು ಅಂತ ತಿಳಿಯಲು ದೂರದ ದೀಪದ ಬಿಂಬವನ್ನು ಗೋಡೆ ಮೇಲೆ ಹಿಡಿದು ಅಳೆಯಿರಿ.

ಗೀರು ಎಷ್ಟು ಸಣ್ಣ ಅನ್ನುವುದನ್ನೂ ನೋಡಿ. ಮಿಲಿಮೀಟರಿಗೆ ಎರಡೇ ಇದ್ದರೆ ಲೂಪ್ (ಫೋಕಸ್ ನೋಡುವ ಪುಟ್ಟ ಭೂತಗನ್ನಡಿ) ಇಟ್ಟಾಗ ಬಳೆ ಬಳೆಯಾಗಿ ಅದೇ ಕಾಣುತ್ತದೆ, ಫೋಕಸ್ ಮಾಡಲು ಕಿರಿಕಿರಿ. ನಾಲ್ಕೈದು ಇದ್ದರೆ ಪರವಾಗಿಲ್ಲ.

ಉತ್ತರ:
ಕತ್ತರಿಸುವ ಬಗ್ಗೆ ಯಾರೂ ಹೇಳಲಿಲ್ಲ. ಮೊದಲು ಒಂದು ಕಾಗದದ ಮೇಲೆ ಗಾಜಿನ ಅಳತೆಯ ಚೌಕ ಬರೆದು, ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆಯಿರಿ. ಗೆರೆಗಳು ಕೂಡುವ ಚುಕ್ಕೆಯ ಮೇಲೆ ಫ್ರೆನೆಲ್‌ನ ತೀರಾ ಒಳಗಿನ ಪುಟ್ಟ ಸುತ್ತು ಬರುವ ಹಾಗೆ ಹಾಳೆ ಇಡಿ. ನಾನು ಮೊದಲ ಸಲ ಹಾಳೆಯ ಒಂದು ಮೂಲೆಯಿಂದ ಅಳೆದು ಕತ್ತರಿಸಿದ್ದೆ, ಸುತ್ತಿನ ನಡು ಒಂದು ಪಕ್ಕಕ್ಕೆ ಹೋಗಿ ಬೆಳಕೂ ಆ ಪಕ್ಕಕ್ಕೇ ಹೋಯಿತು.

ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಹಚ್ಚಬೇಡಿ. ಗೀರಿನೊಳಗೆ ಅಂಟು ಹೊಕ್ಕರೆ ತೆಗೆಯುವುದು ಕಷ್ಟ. ನುಣುಪು ಬದಿಯಲ್ಲಿ ಉಕ್ಕಿನ ಸ್ಕೇಲ್ ಇಟ್ಟು, ಮೊದಲು ಹಗುರವಾಗಿ, ಆಮೇಲೆ ಒತ್ತಿ, ಎಂಟು ಹತ್ತು ಸಲ ಬ್ಲೇಡ್ ಎಳೆಯಿರಿ. ಮೇಜಿನ ಅಂಚಿಗೆ ಹಿಡಿದು ಮುರಿದರೆ ಟಕ್ ಅಂತ ಬರುತ್ತದೆ. ಕಾಗದದಂತೆ ಬಗ್ಗುವ ಹಾಳೆಯಾದರೆ ಕತ್ತರಿಯೇ ಸಾಕು. ಗಾಜಿನ ನಾಲ್ಕು ಮೂಲೆ ಕತ್ತರಿಸಿದ್ದರೆ ಫ್ರೆನೆಲ್‌ನದನ್ನೂ ಹಾಗೇ ಕತ್ತರಿಸಿ. ಬೆಲ್ಲೋಸ್ (ಲೆನ್ಸಿಗೂ ಹಿಂಬದಿಗೂ ನಡುವಿನ ಮಡಿಕೆ ಚೀಲ) ಮಡಚುವಾಗ ಗಾಳಿ ಹೋಗುವುದು ಅಲ್ಲಿಂದ. ಲೆನ್ಸಿನ ಅಂಚು ಮೂಲೆಯನ್ನು ಮುಚ್ಚುತ್ತಿದೆಯೇ ಅಂತ ಇಣುಕಿ ನೋಡುವುದೂ ಅಲ್ಲಿಂದಲೇ.

ಅಂಟು ಬೇಡ, ಗಾಜನ್ನು ಹಿಡಿದಿರುವ ಕ್ಲಿಪ್ಪೇ ಇದನ್ನೂ ಹಿಡಿಯಲಿ. ಸ್ಕ್ರೂ ಸ್ವಲ್ಪ ಉದ್ದದ್ದು ಬೇಕಾಗಬಹುದು. ತೊಳೆಯಲು ಸೋಪಿನ ನೀರು ಮಾತ್ರ. ಅಸಿಟೋನ್, ಸ್ಪಿರಿಟ್ ತಾಗಿದರೆ ಅಕ್ರಿಲಿಕ್ ಸಣ್ಣಗೆ ಬಿರುಕು ಬಿಡುತ್ತದೆ.

ಉತ್ತರ:
ಬಿಸಿಲು! ಹಾಕಿದ ಮೇಲೆ ಕ್ಯಾಮೆರಾ ಹಿಂಬದಿಯನ್ನು ಸೂರ್ಯನಿಗೆ ತೋರಿಸಿ ಬಿಟ್ಟು ಹೋಗಬೇಡಿ. ಇದು ಬೆಂಕಿ ಹೊತ್ತಿಸುವ ಭೂತಗನ್ನಡಿಯೇ. ಬಿಡಿ ಹಾಳೆಯನ್ನೂ ಬಟ್ಟೆಯಲ್ಲಿ ಸುತ್ತಿಡಿ.

ಕೇಳಿದವರು:
ತುಂಬಾ ಥ್ಯಾಂಕ್ಸ್. ಓದುವ ಹಾಳೆಯನ್ನೇ ಕತ್ತರಿಸಿ ಹಿಂದೆ ಹಾಕಿದೆ. 150ರಲ್ಲಿ ನಾಲ್ಕೂ ಮೂಲೆ ಕಾಣುತ್ತಿವೆ. ಆದರೆ ಲೂಪ್ ಇಟ್ಟರೆ ಎಲ್ಲ ಮಸುಕು. ಫೋಕಸ್ ತಪ್ಪಿತಾ?

ಉತ್ತರ:
ಇಲ್ಲ, ಗಾಜು ಅಲ್ಲೇ ಇದೆಯಲ್ಲ. ಲೂಪ್ ಈಗ ಪ್ಲಾಸ್ಟಿಕ್ಕಿನ ದಪ್ಪದಷ್ಟು ದೂರ ಬಂದಿದೆ, ಅದಕ್ಕೆ. ಲೂಪಿನ ಕಣ್ಣಿನ ಭಾಗ ತಿರುಗಿಸುತ್ತಾ ಹೋಗಿ. ಮೊದಲು ಬಳೆಗಳು ಚೂಪಾಗಿ ಕಾಣಬಹುದು, ಅಲ್ಲಿ ನಿಲ್ಲಿಸಬೇಡಿ. ಅವು ಮಸುಕಾಗಿ ಅದರಾಚೆ ಗಾಜಿನ ತರಿ, ಸಣ್ಣ ರವೆಯ ಹಾಗೆ, ಕಾಣುತ್ತದಲ್ಲ, ಅಲ್ಲಿ ನಿಲ್ಲಿಸಿ ಟೇಪ್ ಸುತ್ತಿಬಿಡಿ. ಆಮೇಲೆ ಒಂದು ಉದ್ದದ ಸ್ಕೇಲನ್ನು ಓರೆಯಾಗಿ ಇಟ್ಟು, ನಡುವಿನ ಒಂದು ಗೆರೆಗೆ ಫೋಕಸ್ ಮಾಡಿ, ಅಪರ್ಚರ್ ಪೂರ್ತಿ ತೆರೆದು ಒಂದು ಹಾಳೆ ಫಿಲ್ಮ್‌ನಲ್ಲಿ ಫೋಟೋ ತೆಗೆಯಿರಿ. ಅದೇ ಗೆರೆ ಚೂಪಾಗಿ ಬಂದರೆ ಯಾರ ಮುಖವನ್ನಾದರೂ ಧೈರ್ಯವಾಗಿ ತೆಗೆಯಬಹುದು.